ಮೇಟ್ರನ್‌ಗಳನ್ನು ಬೆಳೆಸಿದ ಮನೆ

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ದಾದಿಯರ ಮುಖ್ಯಸ್ಥೆ, ಅಂದರೆ ಮೇಟ್ರನ್, ಸಾರಾ ವಾರ್ಡ್‌ರೋಪರ್ ತಿಂಗಳಿಗೊಮ್ಮೆ ಒಂದು ದೊಡ್ಡ ಹಾಳೆ ತುಂಬಬೇಕಿತ್ತು. ಅದರಲ್ಲಿ ಮೊದಲಿಗೆ ವಿದ್ಯಾರ್ಥಿನಿಯ ನಡತೆ: ಹೊತ್ತಿಗೆ ಸರಿಯಾಗಿ ಬರುತ್ತಾಳೆಯೇ, ಸದ್ದಿಲ್ಲದೆ ಓಡಾಡುತ್ತಾಳೆಯೇ, ನಂಬಬಹುದೇ, ಉಡುಪು ಚೊಕ್ಕಟವೇ. ಆಮೇಲೆ ಕೆಲಸ: ಗಾಯ ಕಟ್ಟುವುದು, ಜಿಗಣೆ ಹಚ್ಚುವುದು, ಎನಿಮಾ ಕೊಡುವುದು, ಏಳಲಾಗದವರ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು. ನಾಡಿ, ಉಸಿರು, ಕಫ, ನಿದ್ದೆ, ಸನ್ನಿಯ ಲಕ್ಷಣಗಳನ್ನು ಗುರುತಿಸುವುದು ಬರುತ್ತದೆಯೇ ಎಂಬುದಕ್ಕೂ ಕಲಮುಗಳಿದ್ದವು. ಒಂದೊಂದರ ಮುಂದೆಯೂ ಉತ್ತಮದಿಂದ ಸೊನ್ನೆಯವರೆಗೆ ದರ್ಜೆ ಬರೆಯಬೇಕು.

ಈ ಹಾಳೆ ಅದೇ ಆಸ್ಪತ್ರೆಯಲ್ಲಿದ್ದ ನೈಟಿಂಗೇಲ್ ತರಬೇತಿ ಶಾಲೆಯದು. ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗಾಗಿ ಫ್ಲಾರೆನ್ಸ್ ನೈಟಿಂಗೇಲ್ ಅವರಿಗೆ ಬ್ರಿಟನ್ನಿನ ಜನ ಕೃತಜ್ಞತೆಯಿಂದ ಕೊಟ್ಟ ಹಣ ಸುಮಾರು 45 ಸಾವಿರ ಪೌಂಡ್‌ ಆಯಿತು. ಆ ನಿಧಿಯಿಂದ 1860ರ ಜುಲೈನಲ್ಲಿ 15 ಮಂದಿ ಹೆಂಗಸರೊಂದಿಗೆ ಶಾಲೆ ತೆರೆಯಿತು. ನರ್ಸ್‌ಗಳಿಗೆ ತರಬೇತಿ ಅದಕ್ಕೂ ಮೊದಲೇ ಇತ್ತು. ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ 1836ರಿಂದ ನಡೆಯುತ್ತಿದ್ದ ಸಂಸ್ಥೆಯಲ್ಲಿ ಸ್ವತಃ ನೈಟಿಂಗೇಲ್ ಕಲಿತಿದ್ದರು. ಆದರೆ ಅದು ಚರ್ಚಿನ ಆಸರೆಯ ಸಂಸ್ಥೆ. ಇದು ತನ್ನದೇ ದುಡ್ಡಿನ ಮೇಲೆ ನಿಂತಿತ್ತು, ಯಾವ ಮಠಕ್ಕೂ ಸೇರಿರಲಿಲ್ಲ.

ಆ ಕಾಲದಲ್ಲಿ ಆಸ್ಪತ್ರೆಯ ದಾದಿಗೆ ಮರ್ಯಾದೆ ಇರಲಿಲ್ಲ. ಚಾರ್ಲ್ಸ್ ಡಿಕನ್ಸ್ ತಮ್ಮ ಕಾದಂಬರಿಯೊಂದರಲ್ಲಿ ಸೃಷ್ಟಿಸಿದ ಕುಡುಕಿ ದಾದಿ ಸೇರಿ ಗ್ಯಾಂಪ್ ಮನೆಮಾತಾಗಿದ್ದಳು. ಆ ಹೆಸರನ್ನು ಅಳಿಸಲು ಶಾಲೆ ಬಿಗಿಯಾದ ಕಟ್ಟುಪಾಡು ಹಾಕಿತು. ವಿದ್ಯಾರ್ಥಿನಿಗೆ ಊಟ, ವಸತಿ, ಚಹಾ ಸಕ್ಕರೆ, ಬಟ್ಟೆ ಒಗೆತ, ವರ್ಷಕ್ಕೆ 10 ಪೌಂಡ್ ಕೈಖರ್ಚು. ಕಂದು ಬಣ್ಣದ ಉಡುಪು, ಬಿಳಿ ಏಪ್ರನ್, ಬಿಳಿ ಟೊಪ್ಪಿಗೆ. ತರಬೇತಿ ಒಂದು ವರ್ಷ. ಆಮೇಲೆ ನಿಧಿಯವರು ಕಳಿಸಿದ ಕಡೆ ಕೆಲವು ವರ್ಷ ದುಡಿಯಬೇಕು.

ಈ ಕೊನೆಯ ಷರತ್ತಿನಲ್ಲೇ ಶಾಲೆಯ ಗುಟ್ಟಿತ್ತು. ಬೇರೆ ಆಸ್ಪತ್ರೆ ನರ್ಸ್‌ಗಳನ್ನು ಕೇಳಿದರೆ ಒಬ್ಬಿಬ್ಬರನ್ನು ಕಳಿಸುತ್ತಿರಲಿಲ್ಲ. ಒಬ್ಬ ಮುಖ್ಯಸ್ಥೆಯ ಕೈಕೆಳಗೆ ಇಡೀ ತಂಡವೇ ಹೋಗುತ್ತಿತ್ತು. ನರ್ಸ್‌ಗಳ ಮೇಲಿನ ಅಧಿಕಾರ ಡಾಕ್ಟರಿಗೂ ಇಲ್ಲ, ಆಡಳಿತ ಮಂಡಳಿಗೂ ಇಲ್ಲ, ಮೇಟ್ರನ್‌ಗೆ ಮಾತ್ರ ಎಂಬುದು ನೈಟಿಂಗೇಲ್ ಪಟ್ಟು.

ಇಂಥ ತಂಡದ ಮೊದಲ ದೊಡ್ಡ ಪರೀಕ್ಷೆ ಲಿವರ್‌ಪೂಲ್‌ನಲ್ಲಿ ನಡೆಯಿತು. ಬ್ರೌನ್‌ಲೋ ಹಿಲ್‌ನ ವರ್ಕ್‌ಹೌಸ್ ಎಂಬ ಬಡವರ ಆಶ್ರಯಧಾಮದ ಆಸ್ಪತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಬಡ ರೋಗಿಗಳು. ಅವರನ್ನು ನೋಡಿಕೊಳ್ಳುತ್ತಿದ್ದವರು ಅಲ್ಲೇ ಆಶ್ರಯ ಪಡೆದಿದ್ದ, ಏನೂ ತರಬೇತಿಯಿಲ್ಲದ ಹೆಂಗಸರು. ವಿಲಿಯಂ ರಾತ್‌ಬೋನ್ ಎಂಬ ವರ್ತಕರು ಖರ್ಚು ವಹಿಸಿಕೊಂಡರು. ಐರ್ಲೆಂಡಿನ ಆಗ್ನೆಸ್ ಜೋನ್ಸ್ 12 ನರ್ಸ್‌ಗಳೊಂದಿಗೆ 1865ರಲ್ಲಿ ಅಲ್ಲಿಗೆ ಹೋದರು. ಮೂರು ವರ್ಷ ತುಂಬುವುದರೊಳಗೆ ಟೈಫಸ್ ಜ್ವರ ಅವರನ್ನು ಬಲಿ ತೆಗೆದುಕೊಂಡಿತು. ಆಗ ಅವರ ವಯಸ್ಸು 35.

ಅವರು ತೀರಿಕೊಂಡ ಮರು ತಿಂಗಳು, 1868ರ ಮಾರ್ಚ್‌ನಲ್ಲಿ, ಇದೇ ಶಾಲೆಯ ಲೂಸಿ ಓಸ್ಬರ್ನ್ ಐದು ಮಂದಿ ಸಹೋದ್ಯೋಗಿಗಳೊಂದಿಗೆ ಸಿಡ್ನಿಯಲ್ಲಿ ಹಡಗಿನಿಂದಿಳಿದರು. ವಾರ ಕಳೆಯುತ್ತಿದ್ದಂತೆ ಆ ನಗರಕ್ಕೆ ಬಂದಿದ್ದ ರಾಣಿ ವಿಕ್ಟೋರಿಯಾರ ಮಗ ಆಲ್‌ಫ್ರೆಡ್ ಮೇಲೆ ಗುಂಡಿನ ದಾಳಿಯಾಯಿತು. ಅವರ ಶುಶ್ರೂಷೆ ಹೊಸದಾಗಿ ಬಂದವರ ಪಾಲಿಗೆ ಬಿತ್ತು. ರಾಜಕುಮಾರ ಚೇತರಿಸಿಕೊಂಡದ್ದರಿಂದ ಹೆಸರು ಬಂತು, ಆದರೆ ನೆಮ್ಮದಿ ಬರಲಿಲ್ಲ. ಓಸ್ಬರ್ನ್ ವಹಿಸಿಕೊಂಡ ಸಿಡ್ನಿಯ ಆಸ್ಪತ್ರೆಯ ತುಂಬ ಹುಳಹುಪ್ಪಟೆ, ಕೊಳಕು. ವೈದ್ಯರು, ಆಡಳಿತ ಮಂಡಳಿಯವರೊಂದಿಗೆ ದಿನವೂ ಜಟಾಪಟಿ. 1873ರಲ್ಲಿ ಸರ್ಕಾರಿ ಆಯೋಗ ವಿಚಾರಣೆ ನಡೆಸಿ, ದುಸ್ಥಿತಿಗೆ ಮಂಡಳಿಯೇ ಹೊಣೆ ಎಂದು ಹೇಳಿ ಓಸ್ಬರ್ನ್ ಅವರ ಪರ ನಿಂತಿತು. 1884ರವರೆಗೂ ಅವರು ಅಲ್ಲಿದ್ದರು.

1860ರ ದಶಕದಲ್ಲೇ ಎಮ್ಮಿ ರಾಪ್ ನೈಟಿಂಗೇಲ್ ಶಾಲೆಯಲ್ಲಿ ಕಲಿತು ಸ್ವೀಡನ್ನಿನ ಉಪ್ಸಾಲದಲ್ಲಿ ಶಾಲೆ ನಡೆಸಿದರು. ಮುಂದೆ ಆಲಿಸ್ ಫಿಶರ್ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದರು. ಸೇಂಟ್ ಥಾಮಸ್‌ನಲ್ಲಿ ವೈದ್ಯಕೀಯ ಓದಿದ ಜಪಾನಿನ ಕಾನೆಹಿರೊ ತಕಾಗಿ ಈ ನರ್ಸ್‌ಗಳ ಕೆಲಸ ಕಂಡು, 1885ರಲ್ಲಿ ಟೋಕಿಯೊದಲ್ಲಿ ತಮ್ಮ ದೇಶದ ಮೊದಲ ನರ್ಸಿಂಗ್ ಶಾಲೆ ತೆರೆದರು.

ವಿಚಿತ್ರವೆಂದರೆ, ಶಿಷ್ಯೆಯರು ಹೀಗೆ ದೂರದೂರಿನಲ್ಲಿ ಹೆಣಗುತ್ತಿದ್ದಾಗ ತವರಿನಲ್ಲಿ ಪಾಠವೇ ಸರಿಯಾಗಿ ನಡೆಯುತ್ತಿರಲಿಲ್ಲ. ನೈಟಿಂಗೇಲ್ ಕಾಯಿಲೆಯಿಂದ ಮನೆ ಹಿಡಿದಿದ್ದರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. 1870ರ ದಶಕದ ಆರಂಭದಲ್ಲಿ ವಿಚಾರಿಸಿದಾಗ ತಿಳಿದದ್ದೇ ಬೇರೆ: ಆಸ್ಪತ್ರೆಯ ವೈದ್ಯರ ಉಪನ್ಯಾಸಗಳು ನಿಂತುಹೋಗಿದ್ದವು, ವಿದ್ಯಾರ್ಥಿನಿಯರು ಕಲಿಯುವವರಿಗಿಂತ ವಾರ್ಡಿನ ಕೂಲಿಯಾಳುಗಳಾಗಿದ್ದರು. ತಿಂಗಳ ಹಾಳೆ ತುಂಬುತ್ತಿತ್ತು, ಅಷ್ಟೇ. ಪಾಠದ ಹೊಣೆ ಹೊತ್ತಿದ್ದ ವೈದ್ಯರನ್ನು ಬದಲಿಸಲಾಯಿತು. ಹುಡುಗಿಯರ ಓದು, ವಸತಿ ನೋಡಿಕೊಳ್ಳಲು ‘ಹೋಮ್ ಸಿಸ್ಟರ್’ ಬಂದರು. 1872ರಿಂದ ನೈಟಿಂಗೇಲ್ ವಿದ್ಯಾರ್ಥಿನಿಯರಿಗೆ ಪತ್ರ ಬರೆಯತೊಡಗಿದರು. ಒಬ್ಬೊಬ್ಬರನ್ನೇ ಮನೆಗೆ ಕರೆದು ಚಹಾ ಕೊಟ್ಟು ಕೂಲಂಕಷವಾಗಿ ವಿಚಾರಿಸುತ್ತಿದ್ದರು. ಅವರ ಅಚ್ಚುಮೆಚ್ಚಿನ ಏಂಜಲಿಕ್ ಪ್ರಿಂಗಲ್ ಎಡಿನ್‌ಬರೋದಲ್ಲಿ ಹೆಸರು ಮಾಡಿ, 1887ರಲ್ಲಿ ವಾರ್ಡ್‌ರೋಪರ್ ಅವರ ಕುರ್ಚಿಗೇ ಬಂದರು.

ಇಪ್ಪತ್ತನೆಯ ಶತಮಾನದ ಶಿಷ್ಯೆಯರಲ್ಲಿ ಕೊಫೊವೊರೊಲಾ ಅಬೆನಿ ಪ್ರಾಟ್ ಅವರ ಹೆಸರು ಹೇಳಲೇಬೇಕು. ನೈಜೀರಿಯಾದಿಂದ ಬಂದು 1940ರ ದಶಕದಲ್ಲಿ ಇಲ್ಲಿ ಕಲಿತ ಅವರು, ಕಪ್ಪು ನರ್ಸ್ ತನ್ನನ್ನು ಮುಟ್ಟಬಾರದೆಂದ ರೋಗಿಯನ್ನೂ ಕಂಡರು. ತಾಯ್ನಾಡಿಗೆ ಮರಳಿ ಇಬಾದಾನ್‌ನ ವಿಶ್ವವಿದ್ಯಾಲಯ ಆಸ್ಪತ್ರೆಯ ಮೊದಲ ನೈಜೀರಿಯನ್ ಮೇಟ್ರನ್ ಆದರು. ಮುಂದೆ ಲಾಗೋಸ್ ರಾಜ್ಯದ ಆರೋಗ್ಯ ಖಾತೆಯನ್ನೂ ನಿಭಾಯಿಸಿದರು. ಹಿಂದೆ ಲಂಡನ್ನಿನಿಂದ ಹೊರದೇಶಕ್ಕೆ ಮುಖ್ಯಸ್ಥೆ ಹೋಗಬೇಕಿತ್ತು. ಈಗ ಆ ದೇಶದ ಮಗಳೇ ಕಲಿತು ಮರಳಿದ್ದರು.

1990ರ ದಶಕದಲ್ಲಿ ಶಾಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ವಿಲೀನವಾಯಿತು. ಅಲ್ಲಿನ ನರ್ಸಿಂಗ್ ವಿಭಾಗಕ್ಕೆ ಈಗಲೂ ನೈಟಿಂಗೇಲ್ ಹೆಸರಿದೆ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಿಡಿದು ಹೇಳುವ ಪ್ರತಿಜ್ಞೆಗೂ ಅವರದೇ ಹೆಸರು, ಆದರೆ ಅದನ್ನು ಅವರು ಬರೆಯಲಿಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಚಿತವಾಯಿತು. ಈ ಶಾಲೆಯ ನಿಜವಾದ ಬಳುವಳಿ ದೀಪಕ್ಕಿಂತ ನಿತ್ಯದ ಆಡಳಿತದಲ್ಲಿದೆ. ನಮ್ಮ ಆಸ್ಪತ್ರೆಗಳಲ್ಲಿ ಇಂದು ರಾತ್ರಿ ಪಾಳಿ ಯಾರಿಗೆ, ಯಾವ ವಾರ್ಡಿಗೆ ಯಾರು ಎಂದು ಪಟ್ಟಿ ಹಾಕುವವರು ನರ್ಸಿಂಗ್ ಸೂಪರಿಂಟೆಂಡೆಂಟ್. ನರ್ಸ್‌ನ ಕೆಲಸವನ್ನು ಅಳೆಯಬೇಕಾದವರು ಇನ್ನೊಬ್ಬ ನರ್ಸೇ ಎಂಬ ಈ ಸಾಮಾನ್ಯ ಸಂಗತಿಗಾಗಿ ಲಿವರ್‌ಪೂಲ್‌ನಿಂದ ಸಿಡ್ನಿಯವರೆಗೆ ಹಲವರು ಜಗಳ ಕಾಯಬೇಕಾಯಿತು.