ಮೊಲವೂ ಚುಚ್ಚುಮದ್ದೂ

ಕಾಗೆಯೊಂದು ಹಾರಿ ಬಂದು ತಾಳೆಮರದ ಮೇಲೆ ಕುಳಿತಿತು. ಅದೇ ಕ್ಷಣಕ್ಕೆ ಹಣ್ಣೊಂದು ಕಳಚಿ ಬಿದ್ದಿತು. ಕಾಗೆ ಕುಳಿತದ್ದರಿಂದಲೇ ಹಣ್ಣು ಬಿತ್ತೆಂದು ನೋಡಿದವನು ತೀರ್ಮಾನಿಸಿದ. ಇದಕ್ಕೆ ನಮ್ಮ ಹಿಂದಿನವರು ಕಾಕತಾಳೀಯ ನ್ಯಾಯವೆಂದು ಹೆಸರಿಟ್ಟರು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾಗದು ಎಂಬ ಈ ಪಾಠವನ್ನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದವನು ನಾನು. ಅದೇ ಪಾಠವನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೇಳಿ, ಒಂದು ಮೂಕಪ್ರಾಣಿಯ ಜೀವಕ್ಕೆ ಸಂಚಕಾರ ತರಲಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಜಯನಗರದ ನಮ್ಮ ಮನೆಯಲ್ಲಿ ಮೊಮ್ಮಗಳು ಸಾಕಿದ ಬಿಳಿಯ ಮೊಲವೊಂದಿದೆ. ಬೀದಿನಾಯಿಯೊಂದು ಹಿತ್ತಿಲಿಗೆ ನುಗ್ಗಿದ ಮೇಲೆ ಮನೆಯವರಿಗೆ ಭಯ ಹತ್ತಿ, ಮೊಲಕ್ಕೆ ರೇಬೀಸ್ ಲಸಿಕೆ ಹಾಕಿಸಿ ತಂದರು. ಆ ಸಂಜೆ ಅದು ಕೊತ್ತಂಬರಿಸೊಪ್ಪನ್ನೂ ಮೂಸಿ ನೋಡಲಿಲ್ಲ.

“ಅಪ್ಪ, ಸೂಜಿ ಚುಚ್ಚಿಸಿದ್ದೇ ತಪ್ಪಾಯಿತು” ಎಂದಳು ಮಗಳು.

“ಎಲ್ಲ ಕಾಕತಾಳೀಯ ಕಣಮ್ಮ. ಬೆಳಗಾಗುವುದರೊಳಗೆ ಸರಿಹೋಗುತ್ತೆ” ಎಂದೆ ನಾನು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂಬಂತೆ ಅವಳ ವಾದ ಅವಳಿಗೆ, ನನ್ನ ವಾದ ನನಗೆ. ನಿಜವಾದ ಮೊಲ ತನ್ನ ನಾಲ್ಕು ಕಾಲನ್ನೂ ಮುದುಡಿಕೊಂಡು ಮೂಲೆಯಲ್ಲಿ ಕುಳಿತಿತ್ತು. ಬೆಳಗ್ಗೆ ನೋಡಿದರೆ ಗೂಡಿನಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಪಶುವೈದ್ಯರು ಅದರ ಹೊಟ್ಟೆಯನ್ನು ಒತ್ತಿ ನೋಡಿ, “ಕಾರಣ ಆಮೇಲೆ ಹುಡುಕೋಣ ಸಾರ್, ಇದನ್ನು ರಾತ್ರಿಯೇ ತರಬೇಕಿತ್ತು” ಎಂದರು.

ಅವರು ಹಾಗೇಕೆ ಹೇಳಿದರೆಂಬುದು ಮೊಲದ ಒಡಲಿನ ರಚನೆಯನ್ನು ತಿಳಿದರೆ ಅರ್ಥವಾಗುತ್ತದೆ. ನಾಯಿ ಒಂದು ದಿನ ಉಪವಾಸವಿದ್ದರೆ ಸಾಮಾನ್ಯವಾಗಿ ಗಾಬರಿಪಡಬೇಕಾಗಿಲ್ಲ. ಮೊಲದ ಕರುಳಾದರೋ ಹಗಲಿರುಳು ಚಲಿಸುತ್ತಲೇ ಇರಬೇಕು. ಅದನ್ನು ನಡೆಸುವುದು ಒಣಹುಲ್ಲಿನ ನಾರು. ಮೇವು ನಿಂತರೆ ಕರುಳಿನ ಚಲನೆ ಕುಂದುತ್ತದೆ, ಒಳಗೆ ವಾಯು ತುಂಬಿ ನೋವಾಗುತ್ತದೆ. ನೋವಿನಿಂದ ಮೇವು ಇನ್ನಷ್ಟು ನಿಲ್ಲುತ್ತದೆ. ಮೊಲಕ್ಕೆ ವಾಂತಿ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ಹತ್ತು ಹನ್ನೆರಡು ಗಂಟೆ ಅದು ಏನನ್ನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಅದು ತುರ್ತುಚಿಕಿತ್ಸೆಯ ವಿಷಯ. ಚುಚ್ಚುಮದ್ದು, ಪ್ರಯಾಣ, ಹೆದರಿಕೆ, ಸೆಕೆ, ಹಲ್ಲುನೋವು, ಇವುಗಳಲ್ಲಿ ಯಾವುದರಿಂದ ಆರಂಭವಾದರೂ ಅಪಾಯದ ದಾರಿ ಒಂದೇ.

ಹಾಗಾದರೆ ಲಸಿಕೆಯ ಅನಂತರ ಸಹಜವೆನ್ನಬಹುದಾದದ್ದು ಯಾವುದು? ಒಂದೆರಡು ದಿನದ ಮಂಕು, ತುಸು ಜ್ವರ, ಸೂಜಿ ಚುಚ್ಚಿದೆಡೆ ಸಣ್ಣ ಗಂಟು. ಈ ಗಂಟು ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಕರಗುತ್ತದೆ. ಬೆಳೆಯುತ್ತ ಹೋದರೆ ಅಥವಾ ಕೀವಾದರೆ ತೋರಿಸಬೇಕು. ಜ್ವರ ಅಳೆಯುವವರು ಒಂದು ಮಾತನ್ನು ನೆನಪಿಡಬೇಕು: ಮೊಲದ ಸಹಜ ಮೈಕಾವು 101ರಿಂದ 104 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಅಳತೆ ಅದಕ್ಕೆ ಹೊಂದದು. ಇನ್ನು ಲಸಿಕೆಯ ತೀವ್ರ ಒಗ್ಗದಿಕೆ ಅಪರೂಪ. ಅದು ಬಹುಮಟ್ಟಿಗೆ ಮೊದಲ ಗಂಟೆಯಲ್ಲೇ ಉಬ್ಬಸ, ಮುಖದ ಬಾವು, ಕುಸಿದು ಬೀಳುವಿಕೆಯಾಗಿ ಕಾಣಿಸುತ್ತದೆ. ಆದ್ದರಿಂದ ಚಿಕಿತ್ಸಾಲಯದಲ್ಲಿ ಅರ್ಧಗಂಟೆ ಕಾದು ಬರುವುದು ವಿವೇಕ. ರೇಬೀಸ್ ಲಸಿಕೆಯಿಂದಲೇ ರೇಬೀಸ್ ಬಂದೀತೆಂಬ ಭಯಕ್ಕೆ ಆಧಾರವಿಲ್ಲ. ಪ್ರಾಣಿಗಳಿಗೆ ಇಲ್ಲಿ ಚುಚ್ಚುವ ಆ ಲಸಿಕೆಯಲ್ಲಿರುವುದು ನಿರ್ಜೀವಗೊಳಿಸಿದ ವೈರಾಣು.

ಮನೆಮದ್ದಿನ ಉತ್ಸಾಹಿಗಳಿಗೂ ಒಂದು ಎಚ್ಚರಿಕೆಯನ್ನು ಹೇಳಬೇಕು. ಮನೆಯಲ್ಲಿ ಉಳಿದ ಪೆನಿಸಿಲಿನ್, ಅಮಾಕ್ಸಿಸಿಲಿನ್‌ಗಳನ್ನು ಮೊಲದ ಬಾಯಿಗೆ ಹಾಕುವುದು ವಿಷವಿಕ್ಕಿದಂತೆ. ಮೇವನ್ನು ಅರಗಿಸುವ ಕರುಳಿನ ಒಳ್ಳೆಯ ಜೀವಾಣುಗಳನ್ನು ಅವು ಕೊಲ್ಲುತ್ತವೆ.

ಮೊಲಕ್ಕೆ ಲಸಿಕೆ ಬೇಕೇ ಎಂಬ ಪ್ರಶ್ನೆಯೂ ದೇಶಕಾಲಗಳಿಗೆ ಸಂಬಂಧಿಸಿದ್ದು. 1950ರಲ್ಲಿ ಆಸ್ಟ್ರೇಲಿಯವು ಕಾಡುಮೊಲಗಳ ಕಾಟ ತಾಳಲಾರದೆ ಮಿಕ್ಸೊಮಾ ಎಂಬ ವೈರಾಣುವನ್ನು ಬೇಕೆಂದೇ ಹರಡಿತು; 1952ರಲ್ಲಿ ಫ್ರಾನ್ಸಿನ ವೈದ್ಯನೊಬ್ಬ ತನ್ನ ತೋಟದಲ್ಲಿ ಬಿಟ್ಟ ಅದೇ ರೋಗ ಯೂರೋಪನ್ನೆಲ್ಲ ವ್ಯಾಪಿಸಿತು. 1984ರಲ್ಲಿ ಚೀನಾದಲ್ಲಿ ರಕ್ತಸ್ರಾವದ ಇನ್ನೊಂದು ಮೊಲಬೇನೆ ಕಾಣಿಸಿಕೊಂಡಿತು. ಇಂಗ್ಲೆಂಡಿನಂಥ ದೇಶಗಳಲ್ಲಿ ಸಾಕುಮೊಲಗಳಿಗೆ ವರ್ಷವರ್ಷ ಲಸಿಕೆ ಹಾಕಿಸುವುದು ಇವೆರಡರ ವಿರುದ್ಧ. ಮೊಲಗಳಲ್ಲಿ ರೇಬೀಸ್ ಬಹು ವಿರಳ. ಮನೆಯೊಳಗೇ ಇರುವ ಮೊಲಕ್ಕೆ ಆ ಲಸಿಕೆ ಬೇಕೇ ಎಂಬುದನ್ನು ಮೊಲಗಳನ್ನು ನೋಡಿ ಬಲ್ಲ ವೈದ್ಯರೊಡನೆ ಮೊದಲೇ ಮಾತನಾಡಿ ನಿಶ್ಚಯಿಸಬೇಕು. ಅಂಥವರ ವಿಳಾಸವನ್ನು ಬೇನೆ ಬರುವ ಮೊದಲೇ ತಿಳಿದಿಟ್ಟುಕೊಳ್ಳಬೇಕು. ಹೆಬ್ಬಾಳದಲ್ಲಿ 1958ರಿಂದಲೂ ಪಶುವೈದ್ಯ ಕಾಲೇಜಿದೆ, ನಿಜ; ಆದರೆ ಜಯನಗರ, ಬನಶಂಕರಿಗಳವರಿಗೆ ಅದು ಊರಿನ ಇನ್ನೊಂದು ತುದಿ. ನಡುರಾತ್ರಿಯಲ್ಲಿ ಹುಡುಕುತ್ತ ಹೊರಡುವುದು ಸುಲಭವಲ್ಲ.

ರೇಬೀಸ್ ಲಸಿಕೆಯ ಮಾತು ಬಂದಾಗ ನಾವು ಮೊಲಕ್ಕೆ ತೀರಿಸಬೇಕಾದ ಋಣವೊಂದುಂಟು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಲೂಯಿ ಪಾಶ್ಚರ್ ಕೊಡಿಸಿದ ಮದ್ದು, ರೋಗ ತಗುಲಿ ಸತ್ತ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಸಿದ್ಧಪಡಿಸಿದ್ದು. ಹುಡುಗ ಬದುಕಿದ. ಮನುಷ್ಯರ ಮಕ್ಕಳನ್ನು ಉಳಿಸಲು ಪ್ರಾಣ ತೆತ್ತ ಜಾತಿಯದು ನಮ್ಮ ಗೂಡಿನಲ್ಲಿ ಮುದುಡಿ ಕುಳಿತಾಗ, ಅದಕ್ಕಾಗಿ ಒಂದು ರಾತ್ರಿಯ ನಿದ್ದೆಗೆಡುವುದು ಹೆಚ್ಚಿನ ಮಾತೇನೂ ಅಲ್ಲ.

ನಮ್ಮ ಮೊಲ ಉಳಿಯಿತು. ಚರ್ಮದಡಿ ನೀರೇರಿಸಿ, ನೋವಿಗೆ ಮದ್ದು ಕೊಟ್ಟು, ಅರೆದ ಮೇವನ್ನು ಸಿರಿಂಜಿನಿಂದ ಗುಟುಕು ಗುಟುಕಾಗಿ ಉಣಿಸಿದ ಮೇಲೆ ಮೂರನೆಯ ದಿನ ಹಿಕ್ಕೆ ಹಾಕಿತು. ಮನೆಯಲ್ಲಿ ಹಬ್ಬದ ಸಂಭ್ರಮ! ಅದು ಮೇವು ಬಿಟ್ಟದ್ದು ಸೂಜಿಯಿಂದಲೋ, ಆಟೋದ ಕುಲುಕಾಟದಿಂದಲೋ ಇಂದಿಗೂ ನಿರ್ಣಯವಾಗಿಲ್ಲ. ಕಾಕತಾಳೀಯ ನ್ಯಾಯ ಸುಳ್ಳಲ್ಲ. ಆದರೆ ಹಣ್ಣು ಯಾರ ತಲೆಯ ಮೇಲಾದರೂ ಬಿದ್ದಾಗ ಮೊದಲು ಗಾಯ ನೋಡಬೇಕು, ಕಾಗೆಯ ವಿಚಾರಣೆ ಆಮೇಲೆ.