ಉಪ್ಪು ಬಿದ್ದರೆ ಆರುವ ಬೆಳಕು

ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರು ಈಗಲೂ ಇದ್ದಾರೆ. ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ. ಆ ವಾದ ಇಲ್ಲಿ ಬೇಡ. ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದು ನೋಡಿದ್ದೀರಾ? ನೀರಿನದು ಜೇನಿನ ಬಣ್ಣ, ಆದರೆ ಅಂಚಿನಲ್ಲಿ ತೆಳು ನೀಲಿ ಹೊಳಪು. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ನುಂಗಿ, ಕಾಣುವ ಬೆಳಕಾಗಿ ಹೊರಬಿಡುವ ಈ ಗುಣಕ್ಕೆ ಪ್ರತಿದೀಪ್ತಿ ಅಂತ ಹೆಸರು. ದಾಂಡೇಲಿ, ಕೋಗಿಲಬನದ ಕಡೆಯವರಿಗೆ ಹೊನ್ನೆ ಹೊಸ ಮರವಲ್ಲ. ಹೊಸದೇನೆಂದರೆ, ಇಂಥ ಹೊಳಪಿನಿಂದಲೇ ಬಾವಿ ನೀರಿನ ದೋಷ ಹಿಡಿಯಲು ಹೊರಟಿರುವ ವಿಜ್ಞಾನ.

ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಗೊತ್ತಲ್ಲ? ಅದಕ್ಕೂ ಇದೇ ಗುಣ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ ಈ ಹೊಳಪಿನ ಗುಟ್ಟು ಬಿಡಿಸಿದ್ದು ಕ್ವಿನೈನ್ ದ್ರಾವಣ ಇಟ್ಟುಕೊಂಡೇ. ನೀವೂ ಮಾಡಿ ನೋಡಬಹುದು. ಅಂಗಡಿಯಲ್ಲಿ ಸಿಗುವ ಟಾನಿಕ್ ವಾಟರ್‌ನಲ್ಲಿ ಚೂರು ಕ್ವಿನೈನ್ ಇರುತ್ತದೆ. ಕತ್ತಲಲ್ಲಿ ಅದರ ಮೇಲೆ ಕಳ್ಳನೋಟು ಪತ್ತೆಹಚ್ಚುವ ನೇರಳಾತೀತ ಟಾರ್ಚ್ ಬಿಡಿ. ನೀಲಿಯಾಗಿ ಬೆಳಗುತ್ತದೆ. ಈಗ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಕಿ. ಬೆಳಕು ಮಂಕು! ಉಪ್ಪಿನಲ್ಲಿರುವ ಕ್ಲೋರೈಡು ಕ್ವಿನೈನಿಗೆ ಡಿಕ್ಕಿ ಹೊಡೆದು, ಬೆಳಕಾಗಬೇಕಿದ್ದ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಆದರೆ ಫ್ಲೋರೈಡು ಹಾಕಿದರೆ ಕ್ವಿನೈನ್ ಹೀಗೆ ಮಂಕಾಗುವುದಿಲ್ಲ. ಒಂದೊಂದಕ್ಕೆ ಒಂದೊಂದು ಬೇರೆಯೇ ಪತ್ತೇದಾರ ಬೇಕು.

ಕ್ಲೋರೈಡು, ಫ್ಲೋರೈಡು, ನೈಟ್ರೇಟು, ಫಾಸ್ಫೇಟು, ಸಯನೈಡು ಇವೆಲ್ಲ ಋಣ ಅಯಾನುಗಳು, ಅಂದರೆ ಋಣ ವಿದ್ಯುದಂಶ ಹೊತ್ತ ಕಣಗಳು. ನಮಗೆ ಪರಿಚಯದವೇ. ಫಾಸ್ಫೇಟು ಗೊಬ್ಬರದ ಚೀಲದಲ್ಲಿದೆ. ನೈಟ್ರೇಟು ಯೂರಿಯಾ, ತಿಪ್ಪೆ, ಶೌಚಗುಂಡಿಗಳಿಂದ ಬಾವಿಗೆ ಇಳಿಯುತ್ತದೆ. ಎಳೆ ಜೋಳದ ಪೈರು, ಕೊಯ್ದ ಮೇಲೆ ಬಂದ ಕೂಳೆ ಚಿಗುರು ತಿಂದು ದನ ಸಾಯುವುದು ಸಯನೈಡಿನಿಂದ.

ಆದರೆ ನಮ್ಮ ರಾಜ್ಯದಲ್ಲಿ ದೊಡ್ಡ ತಲೆನೋವು ಫ್ಲೋರೈಡು. ಮುಂಡಗೋಡಿನಿಂದ ಪೂರ್ವಕ್ಕೆ ಬಯಲುಸೀಮೆಗೆ ಇಳಿಯಿರಿ. ಗದಗ ಜಿಲ್ಲೆಯ ಮುಂಡರಗಿ, ಇನ್ನೂ ಆಚೆ ತುಮಕೂರು ಜಿಲ್ಲೆಯ ಪಾವಗಡ. ಕಲ್ಲಿನೊಳಗಿನ ಫ್ಲೋರೈಡು ನೀರಿಗೆ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬಿದ್ದ ಮೇಲೇ ಗೊತ್ತಾಗುವುದು. ಅಷ್ಟರಲ್ಲಿ ವರ್ಷಗಟ್ಟಲೆ ಅದೇ ನೀರು ಕುಡಿದಾಗಿರುತ್ತದೆ. ಮುಂದುವರಿದರೆ ಮೂಳೆ, ಕೀಲು ಬಿಗಿದು ನಡುವೇ ಬಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಆದೀತು ಎಂದು ಭಾರತೀಯ ಮಾನಕ ಹೇಳುತ್ತದೆ. ನೈಟ್ರೇಟಿಗೆ ಮಿತಿ 45. ಕುದಿಸಿದರೆ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಖಂಡಿತ ಇಲ್ಲ! ನೀರು ಆವಿಯಾಗಿ ಫ್ಲೋರೈಡು ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ಇನ್ನು ಪತ್ತೇದಾರ ಅಣುವಿನ ವಿಷಯ. ಅದರಲ್ಲಿ ಎರಡು ಭಾಗ. ಒಂದು ದೀಪ, ಇನ್ನೊಂದು ಹಿಡಿಯುವ ಕೈ. ಕೈ ಬರಿದಾಗಿದ್ದಾಗ ದೀಪ ಆರಿರುತ್ತದೆ. ಬೇಕಾದ ಅಯಾನು ಕೈಗೆ ಸಿಕ್ಕಿತೋ, ದೀಪ ಹತ್ತುತ್ತದೆ. ಕೆಲವದರಲ್ಲಿ ಉಲ್ಟಾ. ಅಮೆರಿಕದ ಚಾರ್ನಿಕ್ ಮತ್ತು ಸಂಗಡಿಗರು 1989ರಲ್ಲೇ ನೀರಿನಲ್ಲಿರುವ ಫಾಸ್ಫೇಟು ಹಿಡಿದು ಬೆಳಗುವ ಅಣು ಮಾಡಿ ತೋರಿಸಿದರು. ಶ್ರೀಲಂಕಾ ಮೂಲದ, ಬೆಲ್‌ಫಾಸ್ಟ್‌ನಲ್ಲಿ ಕೆಲಸ ಮಾಡಿದ ಎ. ಪಿ. ಡಿ ಸಿಲ್ವ ಇಂಥ ಅಣುಗಳ ತತ್ತ್ವವನ್ನು ಬೆಳೆಸಿದವರಲ್ಲಿ ಮುಖ್ಯರು. ರಕ್ತದ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಆಸ್ಪತ್ರೆ ಯಂತ್ರಗಳವರೆಗೆ ಈ ತತ್ತ್ವ ಬಂದಿದೆ. ಅವು ಧನ ಅಯಾನುಗಳು. ಋಣದ್ದೇ ಕಷ್ಟ.

ಯಾಕೆ? ಫ್ಲೋರೈಡಿಗೂ ನೀರಿಗೂ ನಂಟು ಬಲು ಗಟ್ಟಿ. ಸುತ್ತ ಮುತ್ತಿಕೊಂಡ ನೀರನ್ನು ಬಿಡಿಸಿ ಫ್ಲೋರೈಡನ್ನು ತನ್ನತ್ತ ಎಳೆದುಕೊಳ್ಳಬೇಕು. ಹಾಗಾಗಿ ಬಹಳಷ್ಟು ಪ್ರಯೋಗಗಳು ನಡೆದಿರುವುದು ನೀರಿಲ್ಲದ ರಾಸಾಯನಿಕ ದ್ರಾವಣಗಳಲ್ಲಿ. ಸೀಸೆಯಲ್ಲಿ ಚೆನ್ನಾಗಿ ಬೆಳಗುತ್ತದೆ, ಹೊಳಪಿನ ಚಿತ್ರ ಅಚ್ಚಾಗುತ್ತದೆ. ನಮ್ಮ ಬಾವಿಯಲ್ಲಿ ಇರುವುದು ನೀರು, ಸ್ವಾಮೀ! ಸಿಲಿಕಾನ್ ಜತೆ ಫ್ಲೋರೈಡಿಗಿರುವ ಸೆಳೆತವನ್ನು ಬಳಸಿ, ಅಣುವಿನ ಒಂದು ಕೊಂಡಿ ಕತ್ತರಿಸಿದಾಗ ಮಾತ್ರ ದೀಪ ಹತ್ತುವಂತೆ ಮಾಡುವ ದಾರಿ ನನಗೆ ಹೆಚ್ಚು ಭರವಸೆಯದ್ದಾಗಿ ಕಾಣುತ್ತದೆ. ಒಮ್ಮೆ ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ. ಒಂದು ಪಟ್ಟಿ ಒಂದೇ ಪರೀಕ್ಷೆಗೆ. ನಮಗೆ ಅಷ್ಟು ಸಾಕು.

ಅಲ್ಲಿವರೆಗೆ ಕಾಯುತ್ತ ಕೂರಬೇಕಿಲ್ಲ. ಬಣ್ಣ ಬದಲಾಗುವ ಹಳೆಯ ಪರೀಕ್ಷೆ ಇದ್ದೇ ಇದೆ. ಜಿರ್ಕೋನಿಯಂ ಮತ್ತು ಅಲಿಝರಿನ್ ಬಣ್ಣದ ಕೆಂಪು ದ್ರಾವಣ ಫ್ಲೋರೈಡು ಹೆಚ್ಚಾದಂತೆ ಹಳದಿಗೆ ತಿರುಗುತ್ತದೆ. 2019ರಲ್ಲಿ ಶುರುವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಜನ ಹೆಂಗಸರಿಗೆ ಪರೀಕ್ಷಾ ಪೆಟ್ಟಿಗೆ ಬಳಸಲು ಕಲಿಸಬೇಕೆಂಬ ನಿಯಮವಿದೆ. ನಿಮ್ಮೂರಲ್ಲಿ ಯಾರಿಗೆ ಕಲಿಸಿದ್ದಾರೆ, ಪೆಟ್ಟಿಗೆ ಎಲ್ಲಿದೆ? ಪಂಚಾಯ್ತಿಯಲ್ಲಿ ಕೇಳಿ. ಪೆಟ್ಟಿಗೆಯಲ್ಲಿ ಅನುಮಾನ ಬಂದರೆ ಪ್ರಯೋಗಾಲಯಕ್ಕೆ ಕಳಿಸಿ.

ನೀರು ಹಿಡಿಯುವಾಗ ಪಂಪು ಐದು-ಹತ್ತು ನಿಮಿಷ ಓಡಲಿ. ಗಾಜಿನ ಸೀಸೆ ಬೇಡ, ಫ್ಲೋರೈಡು ಗಾಜಿಗೆ ಅಂಟುವ ಜಾತಿ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ. ಬೋರಿನ ಆಳ, ತಾರೀಖು ಬರೆದು ಅಂಟಿಸಿ. ಬೇಸಿಗೆಯ ಕೊನೆಗೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಮಾಡಿಸಿದರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬಹುದು.