ತಡವಾಗಿ ಈಡೇರಿದ ವಾಗ್ದಾನ

ಐರ್ಲೆಂಡ್ ಎಂದೊಡನೆ ನಮ್ಮ ಕಥೋಲಿಕ ಮನೆಗಳಲ್ಲಿ ಎರಡು ಚಿತ್ರಗಳು ಮೂಡುವುದುಂಟು. ಒಂದು, ಸಂತ ಪ್ಯಾಟ್ರಿಕ್ಕರ ನಾಡು. ಲೋಕದ ಮೂಲೆಮೂಲೆಗೂ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕಳುಹಿಸಿಕೊಟ್ಟ ನಾಡು. ಇನ್ನೊಂದು, ಬಾಂಬು ಬಂದೂಕುಗಳ ನಾಡು. ಕಥೋಲಿಕರೂ ಪ್ರೊಟೆಸ್ಟಂಟರೂ ಒಂದೇ ಬೀದಿಯ ಎರಡು ತುದಿಗಳಲ್ಲಿ ನಿಂತು ಕಾದಾಡಿದ ನಾಡು. ಈ ಎರಡನೆಯ ಚಿತ್ರವನ್ನು ಕಂಡು ಅಲ್ಲಿನದು ಆದಿಯಿಂದಲೂ ಮತಗಳ ಜಗಳವೇ ಎಂದು ತೀರ್ಮಾನಿಸುವವರು ಬಹಳ ಮಂದಿ. ಆದರೆ ಐರಿಷ್ ರಾಷ್ಟ್ರೀಯತೆ ಗಣರಾಜ್ಯದ ಕನಸು ಕಂಡ ಮೊದಲ ದಿನಗಳಲ್ಲಿ ಅದು ಕಥೋಲಿಕರ ಚಳವಳಿಯಾಗಿರಲಿಲ್ಲ. ಅದು ಹಾಗಾದುದಕ್ಕೆ ಸರಿಯಾದ ಕಾಲಕ್ಕೆ ಈಡೇರದೆ ಹೋದ ಒಂದು ವಾಗ್ದಾನ ಬಹುಮಟ್ಟಿಗೆ ಕಾರಣವೆಂಬುದು ನಮ್ಮ ಅಭಿಪ್ರಾಯ. ಆ ವಾಗ್ದಾನದ ಕಥೆಯ ಆರಂಭದಲ್ಲೊಬ್ಬ, ಅಂತ್ಯದಲ್ಲೊಬ್ಬ ಬ್ರಿಟಿಷ್ ಸೇನಾನಿ ಬರುತ್ತಾರೆ. ಇಬ್ಬರ ಹೆಸರೂ ಕನ್ನಡಿಗರಿಗೆ ಹೊಸದಲ್ಲ. ಒಬ್ಬರು ಕಾರ್ನ್‌ವಾಲಿಸ್, ಇನ್ನೊಬ್ಬರು ಆರ್ಥರ್ ವೆಲ್ಲೆಸ್ಲಿ. ಇಬ್ಬರೂ ಶ್ರೀರಂಗಪಟ್ಟಣದ ಕೋಟೆಯ ಮುಂದೆ ಸೈನ್ಯ ತಂದು ನಿಂತವರು.

ಮೊದಲು ಆ ಕಾಲದ ಐರಿಷ್ ಕಥೋಲಿಕರ ಸ್ಥಿತಿಯನ್ನು ತಿಳಿಯಬೇಕು. 1691ರಲ್ಲಿ ಲಿಮರಿಕ್ ನಗರದಲ್ಲಿ ಶರಣಾದ ಕಥೋಲಿಕ ಸೇನೆಗೆ, ನಿಮ್ಮ ಧರ್ಮಾಚರಣೆಗೆ ತೊಂದರೆಯಾಗದು ಎಂಬ ಭರವಸೆ ದೊರೆಯಿತು. 1695ರಿಂದಾಚೆಗೆ ಬಂದ ದಂಡನಾ ಶಾಸನಗಳು ಆ ಭರವಸೆಯನ್ನು ನುಂಗಿ ಹಾಕಿದವು. ಬಿಷಪರನ್ನು ಗಡೀಪಾರು ಮಾಡಲಾಯಿತು. ಕಥೋಲಿಕನು 5 ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆಯನ್ನು ಇಟ್ಟುಕೊಳ್ಳುವಂತಿರಲಿಲ್ಲ; ಹೊಲ ಕೊಳ್ಳುವಂತಿರಲಿಲ್ಲ; ಮಕ್ಕಳನ್ನು ವಿದ್ಯೆಗೆಂದು ಹೊರದೇಶಕ್ಕೆ ಕಳುಹಿಸುವಂತಿರಲಿಲ್ಲ. ಎಲ್ಲಕ್ಕಿಂತ ಕುಟಿಲವಾದುದು 1704ರ ಕಾಯಿದೆ. ಕಥೋಲಿಕ ತಂದೆಯ ಭೂಮಿ ಗಂಡುಮಕ್ಕಳಿಗೆಲ್ಲ ಸಮನಾಗಿ ಹಂಚಿ ಚೂರುಚೂರಾಗಬೇಕು. ಹಿರಿಯ ಮಗ ಸರ್ಕಾರಿ ಚರ್ಚಿಗೆ ಸೇರಿದರೆ ಮಾತ್ರ ಇಡೀ ಆಸ್ತಿ ಅವನೊಬ್ಬನಿಗೇ. ಮನೆಯೊಳಗೇ ಅಣ್ಣತಮ್ಮಂದಿರ ನಡುವೆ ಆಮಿಷವನ್ನು ಇರಿಸಿದ ಈ ಶಾಸನವನ್ನು ಓದುವಾಗ, ಖಡ್ಗಕ್ಕಿಂತ ಕಾಗದ ಕ್ರೂರವೆನಿಸುತ್ತದೆ. ಜನಸಂಖ್ಯೆಯ ಮುಕ್ಕಾಲು ಪಾಲಿದ್ದವರ ಕೈಯಲ್ಲಿ 18ನೆಯ ಶತಮಾನದ ಕೊನೆಯ ಹೊತ್ತಿಗೆ ಶೇಕಡಾ 5ರಷ್ಟು ಭೂಮಿ ಮಾತ್ರ ಉಳಿದಿತ್ತೆಂದು ಲೆಕ್ಕ ಹಾಕುತ್ತಾರೆ. ಬಯಲ ಬಂಡೆಗಳೇ ಪೀಠಗಳಾಗಿ ಬಲಿಪೂಜೆ ನಡೆಯಿತು. ಬೇಲಿಯ ಮರೆಯಲ್ಲಿ ಶಾಲೆಗಳು ನಡೆದವು.

1778ರಿಂದ ಶಾಸನಗಳು ಒಂದೊಂದಾಗಿ ಸಡಿಲವಾದವು. 1793ರಲ್ಲಿ ವರ್ಷಕ್ಕೆ 40 ಷಿಲಿಂಗ್ ಬೆಲೆಯ ಹಿಡುವಳಿಯುಳ್ಳ ಕಥೋಲಿಕ ರೈತನಿಗೂ ಮತ ನೀಡುವ ಹಕ್ಕು ಬಂದಿತು. ಆದರೆ ಶಾಸನಸಭೆಯಲ್ಲಿ ಕೂರುವ ಹಕ್ಕು ಬರಲಿಲ್ಲ. ಅದಕ್ಕೆ ಅಡ್ಡಿಯಾಗಿದ್ದುದು ಒಂದು ಪ್ರಮಾಣವಚನ. ಪರಮಪ್ರಸಾದದಲ್ಲಿ ರೊಟ್ಟಿಯೂ ದ್ರಾಕ್ಷಾರಸವೂ ಕ್ರಿಸ್ತರ ಶರೀರ ರಕ್ತಗಳಾಗಿ ಮಾರ್ಪಡುವುದಿಲ್ಲವೆಂದೂ, ಮಾತೆ ಮರಿಯಮ್ಮನವರನ್ನೂ ಸಂತರನ್ನೂ ಬೇಡುವುದು ಮತ್ತು ಬಲಿಪೂಜೆ ಅರ್ಪಿಸುವುದು ವಿಗ್ರಹಾರಾಧನೆಯೆಂದೂ ಸದಸ್ಯನು ಸಾರಬೇಕಾಗಿತ್ತು. ಯಾವ ಕಥೋಲಿಕನು ತಾನೆ ಹಾಗೆ ಸಾರಿಯಾನು?

ಇದನ್ನು ಅನ್ಯಾಯವೆಂದು ಕರೆದು ಎದ್ದವರಲ್ಲಿ ಮೊದಲಿಗರು ಪ್ರೊಟೆಸ್ಟಂಟರು ಎಂಬುದನ್ನು ಓದುಗರು ಗಮನಿಸಬೇಕು. 1791ರಲ್ಲಿ ಬೆಲ್‌ಫಾಸ್ಟಿನಲ್ಲಿ 'ಐಕ್ಯ ಐರಿಷರ ಸಂಘ' ಕಟ್ಟಿದವರು ಪ್ರೆಸ್ಬಿಟೇರಿಯನ್ ವರ್ತಕರು. ಕಥೋಲಿಕರ ಪರವಾಗಿ ವಾದಪತ್ರಿಕೆ ಬರೆದ ವುಲ್ಫ್ ಟೋನ್ ಸರ್ಕಾರಿ ಚರ್ಚಿಗೆ ಸೇರಿದ ಡಬ್ಲಿನ್ ವಕೀಲರು. ಫ್ರಾನ್ಸಿನ ಕ್ರಾಂತಿಯನ್ನು ಕಂಡು ಉತ್ಸಾಹಗೊಂಡಿದ್ದ ಇವರು 1798ರಲ್ಲಿ ದಂಗೆಯೆದ್ದರು. ನಮ್ಮ ಬಿಷಪರು ಆ ದಂಗೆಯನ್ನು ಖಂಡಿಸಿದರು. ವೆಕ್ಸ್‌ಫರ್ಡ್ ಸೀಮೆಯಲ್ಲಿ ಫಾದರ್ ಜಾನ್ ಮರ್ಫಿಯವರಂಥ ಕೆಲವು ಗುರುಗಳು ಮಾತ್ರ ತಮ್ಮ ಜನರೊಡನೆ ನಿಂತು ಪ್ರಾಣ ತೆತ್ತರು. ದಂಗೆಯಲ್ಲಿ ಮತದ್ವೇಷದ ಕೊಲೆಗಳೂ ನಡೆದವು, ಅದನ್ನು ಮರೆಮಾಚಲಾಗದು. ಆದರೆ ಉತ್ತರದಲ್ಲಿ ದಂಗೆಯೆದ್ದವರು ಬಹುಪಾಲು ಪ್ರೆಸ್ಬಿಟೇರಿಯನ್ನರು, ದಕ್ಷಿಣದಲ್ಲಿ ಬಹುಪಾಲು ಕಥೋಲಿಕರು. ಇಂದಿಗೆ ಇದು ಊಹಿಸಲೂ ಆಗದ ಮೈತ್ರಿ.

ಈ ದಂಗೆಯನ್ನು ಅಡಗಿಸಲು ಲಂಡನ್ನಿನಿಂದ ಬಂದವರೇ ಲಾರ್ಡ್ ಕಾರ್ನ್‌ವಾಲಿಸ್. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವರು ಇವರೇ. ಐರ್ಲೆಂಡಿನಲ್ಲಿ ತಮ್ಮ ಕಡೆಯವರು ನಡೆಸಿದ ಕ್ರೌರ್ಯ ಕಂಡು ಅವರು ಪತ್ರಗಳಲ್ಲಿ ಅಸಹ್ಯಪಟ್ಟುಕೊಂಡರೆಂಬುದು ದಾಖಲೆಯಲ್ಲಿದೆ. ಪ್ರಧಾನಿ ವಿಲಿಯಂ ಪಿಟ್ಟರ ಯೋಜನೆ ಹೀಗಿತ್ತು: ಡಬ್ಲಿನ್ನಿನ ಶಾಸನಸಭೆಯನ್ನು ಮುಚ್ಚಿ ಎರಡು ರಾಜ್ಯಗಳನ್ನು ಒಂದುಗೂಡಿಸುವುದು, ಆ ಬಳಿಕ ಕಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆಯುವುದು. ಕಾಗದದ ಮೇಲೆ ಯಾವ ಕರಾರೂ ಇರಲಿಲ್ಲ. ಆದರೆ ಕಥೋಲಿಕ ಮುಖಂಡರಿಗೂ ಬಿಷಪರಿಗೂ ಆ ಅರ್ಥ ಬರುವಂತೆ ತಿಳಿಸಲಾಗಿತ್ತು. ಹಲವು ಬಿಷಪರು ಅದನ್ನು ನಂಬಿ ಐಕ್ಯವನ್ನು ಬೆಂಬಲಿಸಿದರು. ಪದವಿ, ಹಣ, ಬಿರುದುಗಳನ್ನು ಹಂಚಿ ಡಬ್ಲಿನ್ ಸಭೆಯ ಸಮ್ಮತಿ ಪಡೆಯಲಾಯಿತು. 1801ರ ಜನವರಿ 1ರಂದು ಐಕ್ಯ ಜಾರಿಗೆ ಬಂದಿತು. ಬಾಗಿಲು ತೆರೆಯಲಿಲ್ಲ. ಕಥೋಲಿಕರಿಗೆ ಹಕ್ಕು ಕೊಟ್ಟರೆ ತಾವು ಪಟ್ಟಾಭಿಷೇಕದಲ್ಲಿ ಮಾಡಿದ ಪ್ರಮಾಣಕ್ಕೆ ಭಂಗವೆಂದು ಮೂರನೆಯ ಜಾರ್ಜ್ ದೊರೆ ಹಟ ಹಿಡಿದರು. ಪಿಟ್ ರಾಜೀನಾಮೆ ಕೊಟ್ಟರು. ಕಾರ್ನ್‌ವಾಲಿಸರೂ ಕೊಟ್ಟರು. ಇಬ್ಬರ ಮಾನವೇನೋ ಉಳಿಯಿತು. ಕಥೋಲಿಕರ ಕೈಗೆ ಏನೂ ಬರಲಿಲ್ಲ.

ಕೆರಿ ಸೀಮೆಯಲ್ಲಿ 1775ರಲ್ಲಿ ಹುಟ್ಟಿದ ಡೇನಿಯಲ್ ಓಕಾನೆಲ್ ಈ ಐಕ್ಯವನ್ನು ಮೊದಲೇ ವಿರೋಧಿಸಿದ್ದ ಕೆಲವೇ ಕಥೋಲಿಕರಲ್ಲೊಬ್ಬರು. ಫ್ರಾನ್ಸಿನಲ್ಲಿ ಓದುತ್ತಿದ್ದಾಗ ಕ್ರಾಂತಿಯ ರಕ್ತವನ್ನು ಹತ್ತಿರದಿಂದ ಕಂಡಿದ್ದ ಅವರಿಗೆ ಬಂದೂಕಿನ ಮಾತು ಬೇಡವಾಗಿತ್ತು. 1815ರಲ್ಲಿ ದ್ವಂದ್ವಯುದ್ಧವೊಂದರಲ್ಲಿ ಎದುರಾಳಿಯನ್ನು ಕೊಂದ ಮೇಲಂತೂ ಆ ಪಶ್ಚಾತ್ತಾಪ ಅವರನ್ನು ಬಿಡಲಿಲ್ಲ. ಪೂಜೆಗೆ ಹೋಗುವಾಗ ಆ ಕೈಗೆ ಕರಿಯ ಕೈಗವಸು ತೊಡುತ್ತಿದ್ದರೆಂದು ಹೇಳುತ್ತಾರೆ. ಬಿಷಪರ ನೇಮಕದಲ್ಲಿ ಸರ್ಕಾರಕ್ಕೆ ನಿಷೇಧಾಧಿಕಾರ ಕೊಟ್ಟರೆ ಹಕ್ಕುಗಳನ್ನು ಕೊಡುವೆವೆಂಬ ಸಲಹೆ ಬಂದಾಗ, ಅದಕ್ಕೆ ರೋಮಿನ ಅಧಿಕಾರಿಯೊಬ್ಬರು 1814ರಲ್ಲಿ ಒಪ್ಪಿಗೆ ಸೂಚಿಸಿದರೂ ಓಕಾನೆಲ್ ಒಪ್ಪಲಿಲ್ಲ. ಐರಿಷ್ ಬಿಷಪರೂ ಒಪ್ಪಲಿಲ್ಲ. ಧರ್ಮಸಭೆಯನ್ನು ಸರ್ಕಾರದ ಇಲಾಖೆಯಾಗಿಸುವ ಹಕ್ಕುಪತ್ರ ಅವರಿಗೆ ಬೇಡವಾಗಿತ್ತು.

1823ರಲ್ಲಿ ಅವರು ಕಥೋಲಿಕ ಸಂಘವನ್ನು ಸ್ಥಾಪಿಸಿದರು. ಮೊದಲಿಗೆ ಅದರ ವಂತಿಗೆ ವರ್ಷಕ್ಕೆ 1 ಗಿನಿ. ಸಿರಿವಂತರಿಗಷ್ಟೇ ಸಾಧ್ಯವಾದ ಮೊತ್ತ. ಮರುವರ್ಷ ಓಕಾನೆಲ್ ತಿಂಗಳಿಗೆ 1 ಪೆನ್ನಿ ಕೊಟ್ಟವನೂ ಸದಸ್ಯನೇ ಎಂದರು. ಭಾನುವಾರದ ಪೂಜೆ ಮುಗಿದು ಜನ ಹೊರಬರುವಾಗ ದೇವಾಲಯದ ಬಾಗಿಲಲ್ಲಿ ಆ ಪೆನ್ನಿ ಸಂಗ್ರಹವಾಗುತ್ತಿತ್ತು. ಮನೆಮನೆಯ ಹಿಡಿಯಕ್ಕಿಯಿಂದ ಸಂಸ್ಥೆ ಕಟ್ಟುವುದನ್ನು ಬಲ್ಲ ನಮಗೆ ಇದರ ಬಲವನ್ನು ವಿವರಿಸಬೇಕಾಗಿಲ್ಲ. ಹಣಕ್ಕಿಂತ ಮಿಗಿಲಾಗಿ, ಪೆನ್ನಿ ಕೊಟ್ಟ ಬಡವನಿಗೆ ಇದು ತನ್ನ ಹೋರಾಟವೆನಿಸಿತು. ಇಷ್ಟು ವಿಶಾಲವಾದ ಶಾಂತಿಯುತ ಜನಸಂಘಟನೆಯನ್ನು ಯೂರೋಪು ಅದುವರೆಗೆ ಕಂಡಿರಲಿಲ್ಲವೆಂದರೆ ಅತಿಶಯವಾಗದು.

1828ರಲ್ಲಿ ಕ್ಲೇರ್ ಕ್ಷೇತ್ರದಲ್ಲಿ ಮರುಚುನಾವಣೆ ಬಂದಿತು. ಎದುರಾಳಿ ವೆಸಿ ಫಿಟ್ಸ್‌ಜೆರಾಲ್ಡ್ ಕೆಟ್ಟವರಲ್ಲ. ಕಥೋಲಿಕರ ಹಕ್ಕನ್ನು ಬೆಂಬಲಿಸುತ್ತಿದ್ದ ಪ್ರೊಟೆಸ್ಟಂಟ್ ಜಮೀನ್ದಾರರೇ. ಆದರೂ ಓಕಾನೆಲ್ ತಾವೇ ಸ್ಪರ್ಧಿಸಿದರು. ಕಥೋಲಿಕನು ಸ್ಪರ್ಧಿಸಬಾರದೆಂದು ಕಾನೂನಿನಲ್ಲಿರಲಿಲ್ಲ, ಗೆದ್ದ ಮೇಲೆ ಆ ಪ್ರಮಾಣ ಮಾಡಬೇಕೆಂದಷ್ಟೇ ಇತ್ತು! ಆಗ ಗುಪ್ತ ಮತದಾನವಿಲ್ಲ. ಜಮೀನ್ದಾರನ ಕಣ್ಣೆದುರಿಗೇ ಕೂಗಿ ಹೇಳಬೇಕು. ಮಾತು ಮೀರಿದ ಒಕ್ಕಲು ಮನೆಮಠ ಕಳೆದುಕೊಳ್ಳಬೇಕು. ಗುರುಗಳು ತಮ್ಮ ಧರ್ಮಕೇಂದ್ರದ ಜನರನ್ನು ಮೆರವಣಿಗೆಯಲ್ಲಿ ಎನ್ನಿಸ್ ಪಟ್ಟಣಕ್ಕೆ ಕರೆತಂದರು. ಚುನಾವಣೆ ಮುಗಿಯುವವರೆಗೆ ಯಾರೂ ಮದ್ಯ ಮುಟ್ಟಕೂಡದೆಂದು ಶಪಥವಾಯಿತು. ಸಾವಿರಾರು ಜನ ಅದನ್ನು ಪಾಲಿಸಿದರು. ನಮ್ಮ ಚುನಾವಣೆಗಳನ್ನು ಕಂಡವರಿಗೆ ಇದನ್ನು ನಂಬುವುದು ತುಸು ಕಷ್ಟವೇ. ಸೈನ್ಯ ಸಿದ್ಧವಾಗಿ ನಿಂತಿತ್ತು, ಅದಕ್ಕೆ ಕೆಲಸವಿರಲಿಲ್ಲ. ಓಕಾನೆಲ್‌ರಿಗೆ 2,057 ಮತ, ಎದುರಾಳಿಗೆ 982.

ಆಗ ಬ್ರಿಟನ್ನಿನ ಪ್ರಧಾನಿಯಾಗಿದ್ದವರು ಡ್ಯೂಕ್ ಆಫ್ ವೆಲಿಂಗ್ಟನ್. ಅಂದರೆ ಡಬ್ಲಿನ್ನಿನಲ್ಲಿ ಹುಟ್ಟಿದ ಆರ್ಥರ್ ವೆಲ್ಲೆಸ್ಲಿ. ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳು ಇಂದಿಗೂ ನೆನೆಯುವ ಸೆರೆವಾಸ ಕೊನೆಗೊಂಡ 1799ರಲ್ಲಿ, ಪತನಗೊಂಡ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡು ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದ ಅದೇ ಕರ್ನಲ್. ಅವರಿಗೆ ಕಥೋಲಿಕರ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಯುದ್ಧವನ್ನು ಕಂಡಿದ್ದ ಅವರು, ಒಂದು ತಿಂಗಳ ಅಂತರ್ಯುದ್ಧವನ್ನು ತಪ್ಪಿಸಲೂ ತಾವು ಬಹಳವನ್ನು ತ್ಯಾಗ ಮಾಡಲು ಸಿದ್ಧರೆಂದು ಪ್ರಭುಗಳ ಸಭೆಯಲ್ಲಿ ಹೇಳಿದರು. ತಮ್ಮ ಪಕ್ಷವನ್ನೂ ನಾಲ್ಕನೆಯ ಜಾರ್ಜ್ ದೊರೆಯನ್ನೂ ಬಾಗಿಸಿದರು. ಪ್ರಧಾನಿಯಾಗಿರುವಾಗಲೇ, ಇದೇ ವಿಷಯದಲ್ಲಿ ತಮ್ಮನ್ನು ಹೀಗಳೆದ ವಿಂಚಿಲ್ಸಿ ಪ್ರಭುವಿನೊಡನೆ ದ್ವಂದ್ವಯುದ್ಧಕ್ಕೂ ನಿಂತರು, ಯಾರಿಗೂ ಗಾಯವಾಗಲಿಲ್ಲ. 1829ರ ಏಪ್ರಿಲ್ 13ರಂದು ಕಥೋಲಿಕ ವಿಮೋಚನಾ ಶಾಸನಕ್ಕೆ ರಾಜಮುದ್ರೆ ಬಿದ್ದಿತು. ಐಕ್ಯವಾಗಿ 28 ವರ್ಷಗಳಾಗಿದ್ದವು.

ಹಕ್ಕು ಬಂದ ರೀತಿ ಅದರ ಬೆಲೆಯಷ್ಟೇ ಮುಖ್ಯ. ಸರ್ಕಾರ ಅದನ್ನು ಸೌಜನ್ಯದಿಂದ ಕೊಡಲಿಲ್ಲ, ಭಯದಿಂದ ಕೊಟ್ಟಿತು. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿಯಿತು ಕೂಡ. ಓಕಾನೆಲ್‌ರನ್ನು ಗೆಲ್ಲಿಸಿದ 40 ಷಿಲಿಂಗಿನ ರೈತರ ಮತವನ್ನೇ ಅದೇ ವರ್ಷ ರದ್ದುಪಡಿಸಲಾಯಿತು. 2 ಲಕ್ಷಕ್ಕೂ ಮೀರಿದ್ದ ಮತದಾರರು ಸುಮಾರು 37,000ಕ್ಕೆ ಇಳಿದರು. ಓಕಾನೆಲ್ ಅದನ್ನು ತಡೆಯಲು ಪಟ್ಟುಹಿಡಿಯಲಿಲ್ಲ. ಅವರ ಜೀವನದಲ್ಲಿ ನಮಗೆ ನೋವೆನಿಸುವ ಘಟ್ಟ ಇದು. ವಕೀಲರೂ ವರ್ತಕರೂ ಸಂಸತ್ತಿಗೆ ಹೋದರು. ಎನ್ನಿಸಿಗೆ ನಡೆದುಬಂದ ಒಕ್ಕಲು ಮಕ್ಕಳು ಹೊರಗುಳಿದರು.

ಈ 28 ವರ್ಷಗಳಲ್ಲಿ ಇನ್ನೊಂದು ಸಂಗತಿ ನಡೆದುಹೋಗಿತ್ತು. ಪೆನ್ನಿ ಕೊಟ್ಟವರು ಕಥೋಲಿಕರು, ಸಂಗ್ರಹಿಸಿದ್ದು ದೇವಾಲಯದ ಬಾಗಿಲಲ್ಲಿ, ಮುನ್ನಡೆಸಿದವರು ಗುರುಗಳು. ಅನ್ಯಾಯ ಮತದ ಹೆಸರಿನಲ್ಲಿ ನಡೆದುದರಿಂದ ಪ್ರತಿಭಟನೆಯೂ ಅದೇ ಹೆಸರಿನಲ್ಲಿ ನಡೆಯಬೇಕಾಯಿತು. ಐರಿಷನೆಂದರೆ ಕಥೋಲಿಕ ಎಂಬ ಸಮೀಕರಣ ಬಲವಾಯಿತು. ಅತ್ತ ಬೆಲ್‌ಫಾಸ್ಟಿನ ಪ್ರೆಸ್ಬಿಟೇರಿಯನ್ನರಿಗೆ ತಮ್ಮ ಕುಂದುಕೊರತೆಗಳು ತೀರುತ್ತ ಬಂದಂತೆ, ನಾರುಬಟ್ಟೆಯ ಗಿರಣಿಗಳು ಬ್ರಿಟನ್ನಿನ ಮಾರುಕಟ್ಟೆಯಿಂದ ಬೆಳೆದಂತೆ, ಐಕ್ಯವೇ ಹಿತವೆನಿಸಿತು. 1841ರಲ್ಲಿ ಓಕಾನೆಲ್ ಬೆಲ್‌ಫಾಸ್ಟಿಗೆ ಹೋದಾಗ ಅವರನ್ನು ಎದುರುಗೊಂಡದ್ದು ಹಗೆತನ. ಐಕ್ಯ ಐರಿಷರು ಸಂಘ ಕಟ್ಟಿದ ಊರು ಅದೇ!

ಮುಂದಿನದನ್ನು ಬೇಗ ಹೇಳಬಹುದು. ಐಕ್ಯವನ್ನು ರದ್ದುಪಡಿಸಲು ಓಕಾನೆಲ್ 1843ರಲ್ಲಿ ಬೃಹತ್ ಸಭೆಗಳನ್ನು ನಡೆಸಿದರು. ಮಾತೆಯ ಸ್ವರ್ಗಸ್ವೀಕಾರದ ಹಬ್ಬದಂದು ತಾರಾ ಬೆಟ್ಟದಲ್ಲಿ ಲಕ್ಷಗಟ್ಟಲೆ ಜನ ನೆರೆದರು. ಅಕ್ಟೋಬರಿನಲ್ಲಿ ಕ್ಲಾಂಟಾರ್ಫ್ ಸಭೆಯನ್ನು ಸರ್ಕಾರ ನಿಷೇಧಿಸಿದಾಗ ರಕ್ತಪಾತವಾದೀತೆಂದು ಅವರೇ ಸಭೆಯನ್ನು ಕೈಬಿಟ್ಟರು. ಯುವಕರು ಅದನ್ನು ಹೇಡಿತನವೆಂದರು. 1845ರಿಂದ ಆಲೂಗೆಡ್ಡೆಯ ರೋಗ ತಂದ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆ ಬಳಿಕ ಬ್ರಿಟನ್ನಿನ ಸದುದ್ದೇಶವನ್ನು ನಂಬುವವರು ಕಡಿಮೆಯಾದರು. ಸ್ವಯಮಾಡಳಿತ ಬೇಡಿದ ಐಸಾಕ್ ಬಟ್ ಮತ್ತು ಪಾರ್ನೆಲ್ ಇಬ್ಬರೂ ಪ್ರೊಟೆಸ್ಟಂಟರೇ ಆಗಿದ್ದರೂ, ಉತ್ತರದ ಪ್ರೊಟೆಸ್ಟಂಟರಿಗೆ ಅದು ರೋಮಿನ ಆಡಳಿತದಂತೆ ಕಂಡಿತು. 1916ರ ಪಾಸ್ಕ ಸೋಮವಾರದ ದಂಗೆ, 1921ರ ಒಪ್ಪಂದ, ಉತ್ತರದ 6 ಜಿಲ್ಲೆಗಳ ವಿಭಜನೆ, ಆ ಜಿಲ್ಲೆಗಳ ಸಂಘರ್ಷದಲ್ಲಿ 1960ರ ದಶಕದ ಕೊನೆಯಿಂದ 3,500ಕ್ಕೂ ಹೆಚ್ಚು ಸಾವು, ಎಲ್ಲವೂ ಆ ಬಿರುಕಿನಿಂದ ಹೊಮ್ಮಿದವು. 1998ರ ಏಪ್ರಿಲ್ 10ರ ಶುಭ ಶುಕ್ರವಾರದಂದು ಒಪ್ಪಂದವಾಯಿತು. 2011ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಡಬ್ಲಿನ್ನಿಗೆ ಬಂದು, ಬ್ರಿಟಿಷರ ವಿರುದ್ಧ ಹೋರಾಡಿ ಮಡಿದವರ ಸ್ಮಾರಕದ ಮುಂದೆ ತಲೆಬಾಗಿದರು.

ಓಕಾನೆಲ್ 1847ರ ಮೇ 15ರಂದು, ಬರದ ನಡುವೆ, ರೋಮಿಗೆ ಹೊರಟ ಯಾತ್ರೆಯಲ್ಲಿ ಜಿನೋವಾ ನಗರದಲ್ಲಿ ತೀರಿಕೊಂಡರು. ಅವರ ಹೃದಯವನ್ನು ರೋಮಿಗೂ ದೇಹವನ್ನು ಡಬ್ಲಿನ್ನಿಗೂ ಒಯ್ದರು. ಅವರು ಮಲಗಿರುವ ಗ್ಲಾಸ್ನೆವಿನ್ ಸ್ಮಶಾನ ಅವರೇ ಶ್ರಮಿಸಿ 1832ರಲ್ಲಿ ತೆರೆದದ್ದು. ಕಥೋಲಿಕರಿಗೆ ತಮ್ಮ ವಿಧಿಯಂತೆ ಸಮಾಧಿ ಮಾಡಲು ಅಡ್ಡಿಗಳಿದ್ದ ಕಾಲ ಅದು. ಆದರೂ ಆ ನೆಲದಲ್ಲಿ ಎಲ್ಲ ಮತದವರಿಗೂ, ಯಾವ ಮತವೂ ಇಲ್ಲದವರಿಗೂ ಎಡೆಯಿರಬೇಕೆಂಬುದು ಅವರ ನಿಯಮವಾಗಿತ್ತು. ಸಮಾಧಿಯ ಮೇಲೆ 55 ಮೀಟರ್ ಎತ್ತರದ ದುಂಡು ಗೋಪುರ ಕಟ್ಟಿದ್ದಾರೆ. 1971ರಲ್ಲಿ ಬ್ರಿಟನ್ ಪರ ಉಗ್ರಗಾಮಿಗಳು ಇಟ್ಟ ಬಾಂಬಿಗೆ ಅದರೊಳಗಿನ ಮೆಟ್ಟಿಲುಗಳು ನಾಶವಾದವು. 2018ರಲ್ಲಿ ಹೊಸ ಮೆಟ್ಟಿಲುಗಳನ್ನು ನಿರ್ಮಿಸಿ ಮತ್ತೆ ಜನರಿಗೆ ತೆರೆಯಲಾಯಿತು.